ಹಲ್ಲಿನ ವ್ಯಾನಿನ ನಾಯಿಯನ್ನು ವಾಪಸು ಕೇಳಿದವರಿಗೆ

ಮಾನ್ಯರೇ,

ಡಾಂಬರು ರಸ್ತೆ ಮುಗಿದು, ಅದರ ಮುಂದಿನ ಜಲ್ಲಿ ರಸ್ತೆಯೂ ಮುಗಿದು, ಇನ್ನು ರಸ್ತೆಯೇ ಇಲ್ಲವೆಂದು ಬುದ್ಧಿಯಿದ್ದವರೆಲ್ಲ ಗಾಡಿ ತಿರುಗಿಸುವ ಕಡೆಯಿಂದ ಮತ್ತೂ ಒಂದು ಗಂಟೆ ಮೇಲಕ್ಕೆ ಹತ್ತಿದರೆ ಸಿಗುವ ಬೋಳುಗುಡ್ಡದ ನೆತ್ತಿಯಲ್ಲಿ, ನಾಲ್ಕು ಚಕ್ರಗಳ ಮೇಲೆ ಸಂಸಾರ ಹೂಡಿಕೊಂಡಿರುವ ಈ ಬಡಪಾಯಿಯ ಅನಂತಾನಂತ ನಮಸ್ಕಾರಗಳನ್ನು ಸಂಚಾರಿ ದಂತ ಚಿಕಿತ್ಸಾ ವಿಭಾಗದ ಮುಖ್ಯಾಧಿಕಾರಿಗಳಾದ ತಾವು ದಯಮಾಡಿ ಸ್ವೀಕರಿಸಬೇಕು. ತಾವು ಕ್ಷೇಮವೆಂದೂ, ತಮ್ಮ ತಲೆಯ ಮೇಲಿನ ಫ್ಯಾನು ತಿರುಗುತ್ತಿದೆಯೆಂದೂ, ಮೇಜಿನ ಮೇಲಿನ ಕಡತಗಳು ಎಂದಿನಂತೆ ಆರೋಗ್ಯವಾಗಿ ಎತ್ತರಕ್ಕೆ ಬೆಳೆಯುತ್ತಿವೆಯೆಂದೂ ನಂಬಿದ್ದೇನೆ. ಇದನ್ನು ಎಲ್ಲರೂ ಓದುವ ಹಾಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಅಂಟಿಸಿದ ಲಕೋಟೆಗಳು ಕಚೇರಿಗಳಲ್ಲಿ ಎಷ್ಟು ಹಾಯಾಗಿ ನಿದ್ದೆ ಮಾಡುತ್ತವೆಂಬುದು ನನಗೆ ಚೆನ್ನಾಗಿ ಗೊತ್ತು.

ತಮ್ಮ ನೋಟಿಸು ಕಳೆದ ಸೋಮವಾರ ಕೈಸೇರಿತು. ಅದನ್ನು ತಂದ ತಮ್ಮ ಜೀಪಿನ ಚಾಲಕರು ದಾರಿಯಲ್ಲಿ ಎರಡು ಸಲ ಕೆಸರಿನಲ್ಲಿ ಹೂತುಕೊಂಡು, ಮೊಣಕಾಲಿನವರೆಗೆ ಮಣ್ಣು ಮೆತ್ತಿಕೊಂಡು ಬಂದು, ತಗೊಳ್ಳಿ ಅಮ್ಮಾ, ನನ್ನನ್ನ ಬೈಬೇಡಿ, ನಾನು ಬರೀ ತಂದುಕೊಡೋನು ಎಂದು ಮೊದಲೇ ಹೇಳಿ, ಎರಡು ಲೋಟ ಚಹಾ ಕುಡಿದು ಹೋದರು. ಹಿಂದಿನ ಹಲ್ಲಿನ ವ್ಯಾನನ್ನು ಹರಾಜು ಹಾಕಿದಾಗ ಅದರೊಂದಿಗೆ ಹೊರಟುಹೋದ ನಾಯಿಯೊಂದು ಹರಾಜಿನ ಪಟ್ಟಿಯಲ್ಲಿ ನಮೂದಾಗಿರಲಿಲ್ಲವಾಗಿ, ಸದರಿ ನಾಯಿಯು ಇಂದಿಗೂ ಇಲಾಖೆಯ ಸ್ವತ್ತೇ ಆಗಿದ್ದು, ವ್ಯಾನು ಕೊಂಡವರು ಅದನ್ನು ಹದಿನೈದು ದಿನಗಳೊಳಗೆ ಸುಸ್ಥಿತಿಯಲ್ಲಿ ಹಿಂದಿರುಗಿಸತಕ್ಕದ್ದು ಎಂದು ತಾವು ಬರೆಸಿದ್ದೀರಿ. ಆಹಾ, ಎಂಥ ಗಂಭೀರ ವಾಕ್ಯ! ಕೆಳಗೆ ನಾಯಿಯ ಚಹರೆಯನ್ನೂ ಕೊಟ್ಟಿದ್ದೀರಿ: ಬಣ್ಣ ಕಂದು, ಬಲಗಿವಿ ನೆಟ್ಟಗೆ, ಎಡಗಿವಿ ಜೋತಿದೆ, ಬಾಲ ಒಂದು. ಬಾಲ ಒಂದೇ ಎಂದು ಎಣಿಸಿ ಬರೆದ ಗುಮಾಸ್ತರಿಗೆ ನನ್ನ ವಿಶೇಷ ಅಭಿನಂದನೆಗಳು ಸಲ್ಲಬೇಕು.

ನಾನು ಯಾರೆಂದು ತಾವು ಕೇಳಬಹುದು. ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಇಪ್ಪತ್ತಾರು ವರ್ಷ ಕೂತವಳು ನಾನು. ಗಾಜಿಗೆ ಕೊರೆದಿದ್ದ ಅಂಗೈಯಗಲದ ತೂತಿಗೆ ಬಾಯಿಟ್ಟು ಜನ ಬೈದದ್ದನ್ನೆಲ್ಲ ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡು, ಬರೆದುಕೊಂಡು, ಕ್ರಮಸಂಖ್ಯೆ ಹಾಕಿ, ಮೇಲಿನ ಮಹಡಿಗೆ ಕಳಿಸಿ, ಮುಂದಿನವರು ಬನ್ನಿ ಎನ್ನುವುದೇ ನನ್ನ ಕೆಲಸವಾಗಿತ್ತು. ಮೇಲಿನ ಮಹಡಿಯಿಂದ ಉತ್ತರವೆಂಬುದು ಇಳಿದು ಬಂದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಹೀಗಾಗಿ ನಿವೃತ್ತಿಯ ದಿನ ಒಂದೇ ಒಂದು ಆಸೆ ಉಳಿದಿತ್ತು ಮಾನ್ಯರೇ: ನನ್ನ ಮುಂದೆ ಯಾರೂ ಸಾಲಾಗಿ ನಿಲ್ಲದ ಕಡೆ ಬದುಕಬೇಕು. ನನ್ನ ಅಕ್ಕ ತನ್ನ ಮನೆಯ ಹಿಂದಿನ ಕೋಣೆಯನ್ನು ಗುಡಿಸಿ ಒರೆಸಿ ಇಟ್ಟಿದ್ದಳು. ನಾನು ವ್ಯಾನು ಕೊಳ್ಳುತ್ತೇನೆಂದಾಗ, ಈ ವಯಸ್ಸಿನಲ್ಲಿ ಡಬ್ಬಿಯೊಳಗೆ ಬದುಕ್ತೀಯಾ, ನಿನಗೇನು ತಲೆಗಿಲೆ ಕೆಟ್ಟಿದೆಯಾ ಎಂದು ಅತ್ತಳು, ಮತ್ತೆ ಅಳುತ್ತಲೇ ಹೊಸ ಪರದೆ ಹೊಲಿದುಕೊಟ್ಟಳು. ಭಾವ ಮಾತ್ರ ಅಳತೆಯ ಟೇಪು ಹಿಡಿದು ವ್ಯಾನಿನೊಳಗೆ ಓಡಾಡಿ, ಗಟ್ಟಿ ಉಂಟು ಕಣಮ್ಮಾ, ಆದರೆ ಆ ಕುರ್ಚಿ ಏನು ಮಾಡ್ತೀಯಾ ಎಂದರು.

ಕುರ್ಚಿಯ ವಿಷಯಕ್ಕೆ ಬರುತ್ತೇನೆ. ತಮ್ಮ ಇಲಾಖೆಯು ಹಲ್ಲು ಕೀಳುವ ಆ ಕುರ್ಚಿಯನ್ನು ವ್ಯಾನಿನ ನಟ್ಟನಡುವೆ ಕೂರಿಸಿ, ಅದರ ಕಾಲನ್ನು ನೆಲದ ತಗಡಿಗೂ ನೆಲದಡಿಯ ಉಕ್ಕಿನ ಚೌಕಟ್ಟಿಗೂ ಎಂಥ ನಿಷ್ಠೆಯಿಂದ ಬೆಸೆದಿದೆಯೆಂದರೆ, ನನ್ನ ಮೆಕ್ಯಾನಿಕ್ಕು ಅದರ ಕೆಳಗೆ ಅರ್ಧ ದಿನ ಮಲಗಿದ್ದು ಎದ್ದು ಬಂದು, ಅಕ್ಕಾ, ಕುರ್ಚಿ ಬಿಚ್ಚಿದರೆ ವ್ಯಾನು ಕುರ್ಚಿ ಜೊತೆ ಬರುತ್ತೆ ಎಂದು ಕೈ ತೊಳೆದುಕೊಂಡ. ಹಾಗಾಗಿ ನನ್ನ ಮನೆಯನ್ನು ಕುರ್ಚಿಯ ಸುತ್ತ ಕಟ್ಟಿಕೊಂಡಿದ್ದೇನೆ. ಎರಡು ಪಾತ್ರೆ, ಒಂದು ಒಲೆ, ನೀರಿನ ನಾಲ್ಕು ಕ್ಯಾನು, ಮೂರು ಜೊತೆ ಬಟ್ಟೆ, ಒಂದು ರಗ್ಗು, ಇಷ್ಟೇ ಆಸ್ತಿ, ಉಳಿದದ್ದೆಲ್ಲ ಕುರ್ಚಿ. ಮಲಗುವುದು ಅದರಲ್ಲೇ, ಉಣ್ಣುವುದು ಅದರಲ್ಲೇ, ಬಾಯಿ ಮುಕ್ಕಳಿಸಿ ಉಗುಳುವ ಬೋಗುಣಿಯಲ್ಲೇ ಲೋಟ ತಟ್ಟೆ ತೊಳೆಯುವುದು, ಬಾಯೊಳಗೆ ಬಿಡುವ ದೀಪದ ಕೆಳಗೇ ಸೂಜಿಗೆ ದಾರ ಪೋಣಿಸುವುದು. ಒಮ್ಮೊಮ್ಮೆ ಗಂಜಿ ಕುಡಿಯುವಾಗ ಕಾಲು ಮರೆತು ಪೆಡಲಿನ ಮೇಲೆ ಬಿದ್ದು, ನಾನು ತಟ್ಟೆಸಮೇತ ಮೆಲ್ಲಗೆ ಮೇಲೇರಿ ಚಾವಣಿಗೆ ತಲೆ ತಾಗಿಸಿ ನಿಲ್ಲುತ್ತೇನೆ. ಇಷ್ಟು ದೊಡ್ಡ ಪದೋನ್ನತಿ ಸರ್ಕಾರಿ ನೌಕರಿಯಲ್ಲಿ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ವ್ಯಾನಿನ ಹೊರಮೈಯಲ್ಲಿ ತಾವು ಬರೆಸಿದ್ದ, ಬ್ರಷ್ಷು ಹಿಡಿದು ನಗುವ ಆಳೆತ್ತರದ ಹಲ್ಲಿನ ಚಿತ್ರವನ್ನೂ ಇಲ್ಲಿ ಸ್ಮರಿಸದೆ ಇರಲಾರೆ. ಅದರ ಮೇಲೆ ಮೂರು ಸಲ ಹಸಿರು ಬಣ್ಣ ಬಳಿದೆ. ಬಿಸಿಲು ಬಿದ್ದರೆ ಹಲ್ಲು ಒಳಗಿನಿಂದ ಹಾಗೇ ಇಣುಕುತ್ತದೆ, ಈಗ ಪಾಚಿ ಕಟ್ಟಿಕೊಂಡು ಇಣುಕುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನು ನಾಯಿ. ವ್ಯಾನು ತರಲು ತಮ್ಮ ಉಗ್ರಾಣದ ಅಂಗಳಕ್ಕೆ ಹೋದ ದಿನ ನಾನು ಬಾಗಿಲು ತೆಗೆಯುವುದೇ ತಡ, ಅದು ಎಲ್ಲಿಂದಲೋ ಬಂದು, ನನ್ನ ಮುಖವನ್ನೂ ನೋಡದೆ ಒಳಗೆ ಹತ್ತಿ, ಕುರ್ಚಿಯ ಪಕ್ಕದಲ್ಲಿ ಮಲಗಿತು. ಯಾರದಪ್ಪಾ ಇದು ಎಂದು ಕಾವಲುಗಾರನನ್ನು ಕೇಳಿದರೆ, ವ್ಯಾನಿಂದೇ ಅಮ್ಮಾ, ಹಳೇ ಡಾಕ್ಟರು ಹೋದಮೇಲೂ ಇದು ವ್ಯಾನು ಬಿಟ್ಟು ಕದಲಲಿಲ್ಲ ಎಂದ. ಟೈಗರು, ರಾಜ, ಕರಿಯ ಎಂದು ಒಂದು ವಾರ ಬಗೆಬಗೆಯಾಗಿ ಕರೆದೆ, ಕಿವಿಯೂ ಅಲುಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಹಳೆಯ ಅಭ್ಯಾಸಬಲದಿಂದ ತೂಕಡಿಕೆಯಲ್ಲಿ ಮುಂದಿನವರು ಬನ್ನಿ ಎಂದುಬಿಟ್ಟೆ, ಓಡಿ ಬಂದು ಎದುರಿಗೆ ಕೂತಿತು. ಹಳೇ ಡಾಕ್ಟರೂ ದಿನವಿಡೀ ಅದನ್ನೇ ಕೂಗುತ್ತಿದ್ದರಂತೆ. ಅಂದಿನಿಂದ ನಾನು ಗುಡ್ಡಗಾಡಿನಲ್ಲಿ, ನರಪಿಳ್ಳೆಯಿಲ್ಲದ ಬಯಲಿಗೆ ಮುಖ ಮಾಡಿ, ಮುಂದಿನವರೇ, ಊಟಕ್ಕೆ ಬನ್ನಿ ಎಂದು ಬಹುವಚನದಲ್ಲಿ ಕೂಗುವವಳಾಗಿದ್ದೇನೆ.

ಹೀಗೆ ನಾವಿಬ್ಬರೂ ಊರು ಬಿಟ್ಟು ಮೊದಲ ಗುಡ್ಡ ಹತ್ತಿದೆವು. ಗಾಳಿ, ಹುಲ್ಲು, ಆಕಾಶ, ಅಷ್ಟೇ. ಅಬ್ಬಬ್ಬಾ, ಆ ನಿಶ್ಶಬ್ದ! ಚಹಾಕ್ಕೆ ನೀರಿಟ್ಟು, ಇಪ್ಪತ್ತಾರು ವರ್ಷದ ಕಿವಿಗಳನ್ನು ಆ ಗಾಳಿಗೆ ಒಣಗಹಾಕಿ ಕೂತೆ. ನಾಯಿ ಕಾಣಲಿಲ್ಲ, ಸುತ್ತಾಡಿ ಬರಲಿ ಎಂದುಕೊಂಡೆ. ಮುಕ್ಕಾಲು ಗಂಟೆಯ ಮೇಲೆ ಅದು ಗುಡ್ಡದ ಅಂಚಿನಲ್ಲಿ ಬಾಲವೆತ್ತಿಕೊಂಡು ಕಾಣಿಸಿಕೊಂಡಿತು, ಅದರ ಹಿಂದೆ ಹನ್ನೊಂದು ಜನ, ಒಬ್ಬೊಬ್ಬರೂ ಒಂದೊಂದು ಕೆನ್ನೆ ಹಿಡಿದುಕೊಂಡು, ಒಬ್ಬರ ಹಿಂದೊಬ್ಬರು, ಸಾಲಾಗಿ! ಆ ನಿರ್ಜನ ಬಯಲಿನಲ್ಲಿ ಅವರೆಲ್ಲ ಎಲ್ಲಿ ಅಡಗಿದ್ದರೋ ದೇವರೇ ಬಲ್ಲ. ನಾನು ಡಾಕ್ಟರಲ್ಲ, ವ್ಯಾನು ಹರಾಜಿನದು ಎಂದು ಗಂಟಲು ಹರಿಯುವ ಹಾಗೆ ಹೇಳಿದೆ. ಅವರು ನನ್ನ ಬೆನ್ನ ಹಿಂದಿನ ಪಾಚಿಗಟ್ಟಿದ ಹಲ್ಲನ್ನು ನೋಡಿದರು, ಕುರ್ಚಿಯನ್ನು ನೋಡಿದರು, ನಾಯಿಯನ್ನು ನೋಡಿದರು, ದೊಡ್ಡವರು ಹೀಗೇ ವಿನಯದಿಂದ ಮಾತಾಡೋದು ಎಂದು ತಮ್ಮತಮ್ಮಲ್ಲೇ ತಲೆದೂಗಿ ಬಾಯಿ ತೆರೆದು ನಿಂತರು.

ನಾಯಿಯ ಕಸುಬೇನೆಂದು ನನಗೆ ಹೇಳಿದವರು ಆ ಸಾಲಿನಲ್ಲಿ ಮೊದಲು ನಿಂತಿದ್ದ, ಕುರಿ ಕಾಯುವ ಕಂಬಳಿ ಅಜ್ಜಿ. ಬೇಸಿಗೆಯಲ್ಲೂ ಕಂಬಳಿ ಬಿಡದವರಾದ್ದರಿಂದ ಆ ಹೆಸರು. ಈ ಗುಡ್ಡದ ಜನ ಕಡಿದಾದ ಬಂಡೆಯ ಮೇಲಿಂದ ಕುರಿಮರಿ ಎತ್ತಿ ತರುತ್ತಾರೆ, ಆದರೆ ಆ ಕುರ್ಚಿ ಕಂಡರೆ ಕಾಲಿಗೆ ಬುದ್ಧಿ ಹೇಳುತ್ತಾರೆ. ಹಳೇ ಡಾಕ್ಟರು ಹೇಳಿಕೊಟ್ಟರೋ ತಾನೇ ಕಲಿಯಿತೋ, ನಾಯಿ ಮೊದಲು ಮನೆಮನೆಗೆ ಹೋಗಿ ಹಲ್ಲುನೋವಿನವರನ್ನು ಮೂಸಿ ಕರೆತರುತ್ತಿತ್ತು; ಅವರು ಕುರ್ಚಿಯಲ್ಲಿ ಕೂತ ಕೂಡಲೇ ಮುಂಗಾಲೆತ್ತಿ ಅವರ ತೊಡೆಯ ಮೇಲೆ ತಲೆಯಿಟ್ಟು, ಹಲ್ಲು ಕೈಗೆ ಬರುವ ತನಕ ಹಾಗೇ ಇರುತ್ತಿತ್ತು. ಬೆಚ್ಚಗಿನ ಆ ಭಾರ ತೊಡೆ ಮೇಲಿದ್ದರೆ ಹೇಗೆ ಎದ್ದು ಓಡೋದು ಹೇಳು ಮಗಳೇ, ಪಾಪ ಅದಕ್ಕೆ ಬೇಜಾರಾಗಲ್ವಾ ಎಂದರು ಅಜ್ಜಿ.

ಇಲ್ಲಿಂದ ಮುಂದಿನದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಹಲ್ಲು ಕೀಳಲು ನನಗೆ ಬಾರದು. ಆದರೆ ಎದುರಿಗೆ ಸಾಲು, ಕೈಯಲ್ಲಿ ಪೆನ್ನು, ಕೈ ಸುಮ್ಮನಿರುತ್ತದೆಯೇ? ಒಬ್ಬೊಬ್ಬರನ್ನೇ ಕೂರಿಸಿ, ದೂರು ಸಂಖ್ಯೆ ಒಂದು, ಎಡದವಡೆ, ಹಿಂಭಾಗ, ಮೂರು ತಿಂಗಳಿಂದ ಎಂದು ಬರೆದುಕೊಂಡೆ, ಮೇಲಿನವರಿಗೆ ಕಳಿಸುತ್ತೇನೆ ಎಂದೆ. ಅವರು ಅರ್ಧ ನೋವು ಇಳಿದವರಂತೆ ಕೈಮುಗಿದು ಹೋದರು. ಮುಂದಿನ ಗುಡ್ಡದಲ್ಲಿ ಮತ್ತೆ ಎಂಟು, ಅದರಾಚೆ ಹದಿನಾಲ್ಕು. ಆರು ತಿಂಗಳಲ್ಲಿ ನಲವತ್ತಮೂರು ದೂರು ಬರೆದೆ. ಗ್ಯಾಸು, ಉಪ್ಪು, ಸೋಪು ತರಲು ಬೆಟ್ಟದ ಬುಡದ ಅಂಗಡಿಗೆ ಇಳಿದಾಗಲೆಲ್ಲ ಅವನ್ನು ತಮ್ಮ ವಿಳಾಸಕ್ಕೆ ಅಂಚೆಗೆ ಹಾಕಿದೆ. ಯಾರೂ ಓದುವುದಿಲ್ಲವೆಂಬ ದೃಢವಾದ ನಂಬಿಕೆಯಿಂದಲೇ ಹಾಕಿದೆ ಮಾನ್ಯರೇ, ಇಲ್ಲದಿದ್ದರೆ ಕೆಳಗೆ ನನ್ನ ಹೆಸರು, ವ್ಯಾನಿನ ನಂಬರು, ನಿಂತ ಜಾಗ, ಜೊತೆಗೆ ಇಂಥ ನಾಯಿಯೊಂದು ಇದೆಯೆಂಬ ವಿವರ ಇಷ್ಟನ್ನೂ ಯಾಕೆ ಬರೆಯುತ್ತಿದ್ದೆ?

ತಾವು ಓದಿಬಿಟ್ಟಿರಿ! ಇಂಥ ಅಭ್ಯಾಸ ತಮ್ಮ ಕಚೇರಿಗೆ ಯಾವಾಗಿನಿಂದ ಅಂಟಿಕೊಂಡಿತು? ಯಾವ ಕಚೇರಿಯೂ ಮಾಡದ್ದನ್ನು ಮಾಡಿ, ದೂರು ಓದಿ, ತಲೆ ಕೆಡಿಸಿಕೊಂಡು, ಹೊಚ್ಚ ಹೊಸ ಬಿಳಿಯ ವ್ಯಾನನ್ನೂ ಅದರಲ್ಲೊಬ್ಬ ಚುರುಕಾದ ಡಾಕ್ಟರಮ್ಮನನ್ನೂ ಈ ಗುಡ್ಡಗಳಿಗೆ ಕಳಿಸಿಕೊಟ್ಟಿರಿ. ಸುದ್ದಿ ಕೇಳಿದ ದಿನ ನಾನು ಖುಷಿಗೆ ಪೆಡಲು ಒತ್ತಿಕೊಂಡು ಮೂರು ಸಲ ಮೇಲೆ ಕೆಳಗೆ ಹೋಗಿ ಬಂದೆ. ಆದರೆ ಡಾಕ್ಟರಮ್ಮನ ಕುರ್ಚಿಯಲ್ಲಿ ಒಬ್ಬರೂ ಕೂರಲಿಲ್ಲವಂತೆ. ಎಲ್ಲಿ ನಾಯಿ ಎಂದು ಕೇಳಿ, ಇಲ್ಲವೆಂದ ಮೇಲೆ, ಹಾಗಾದ್ರೆ ಆಮೇಲೆ ಬರ್ತೀವಿ ಎಂದು ಹೋದರಂತೆ. ಕಂಬಳಿ ಅಜ್ಜಿ ಮಾತ್ರ ಧೈರ್ಯ ಮಾಡಿ ಕೂತು, ಸೂಜಿ ಕಂಡದ್ದೇ ಎದ್ದು, ಕುತ್ತಿಗೆಗೆ ಕಟ್ಟಿದ್ದ ಬಿಳಿಯ ಬಟ್ಟೆಸಮೇತ ಗುಡ್ಡ ಹತ್ತಿ ಮಾಯವಾದರಂತೆ. ಒಂದು ವಾರ ಕುರ್ಚಿಯನ್ನೇ ಒರೆಸಿಕೊಂಡು ಕೂತಿದ್ದ ಡಾಕ್ಟರಮ್ಮ ತಮಗೆ ಪತ್ರ ಬರೆದರು, ತಾವು ನನಗೆ ನೋಟಿಸು ಬರೆದಿರಿ. ನಲವತ್ತಮೂರು ದೂರು ಬರೆದು ನಾನು ಸಂಪಾದಿಸಿದ್ದು ಇಷ್ಟು: ನನ್ನ ನಾಯಿಯನ್ನು ನಾನೇ ನನ್ನ ಕೈಯಾರೆ ಹಿಡಿದುಕೊಟ್ಟೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣಪುಟ್ಟ ವಿನಂತಿಗಳಿವೆ. ನಾಯಿ ಇಲಾಖೆಯ ನೌಕರನಾಗಿದ್ದಲ್ಲಿ ಅದರ ನೇಮಕಾತಿ ಆದೇಶವನ್ನೂ, ಹುಟ್ಟಿದ ದಿನಾಂಕದ ದಾಖಲೆಯನ್ನೂ ಕಳಿಸಿಕೊಡಬೇಕು. ನನ್ನ ಅಂದಾಜಿನಲ್ಲಿ ಅದಕ್ಕೆ ಒಂಬತ್ತು ವರ್ಷ, ನಾಯಿಗಳ ಲೆಕ್ಕದಲ್ಲಿ ಅದು ನನಗಿಂತ ಹಿರಿಯ, ನನ್ನನ್ನೇ ಮನೆಗೆ ಕಳಿಸಿದ ಮೇಲೆ ಅದನ್ನು ಯಾವ ನಿಯಮದಲ್ಲಿ ದುಡಿಸುತ್ತೀರಿ? ಸ್ವತ್ತಾಗಿದ್ದಲ್ಲಿ ಅದರ ಮೈಮೇಲೆ ಇಲಾಖೆಯ ಮುದ್ರೆ ಎಲ್ಲಿದೆಯೆಂದು ತಾವೇ ಖುದ್ದಾಗಿ ಬಂದು ತೋರಿಸಬೇಕು, ಹೊಟ್ಟೆಯ ಭಾಗ ತೋರಿಸುವಾಗ ಅದು ಕೆರೆದುಕೊಡುವಂತೆ ಕೇಳುತ್ತದೆ, ಸಿದ್ಧರಾಗಿ ಬರಬೇಕು. ಸಾಧ್ಯವಾದರೆ ಕುರ್ಚಿ ವಾಪಸು ತೆಗೆದುಕೊಳ್ಳಿ, ಬೇಕಿದ್ದರೆ ವ್ಯಾನನ್ನೂ ತೆಗೆದುಕೊಳ್ಳಿ, ನಾನು ಮತ್ತು ನಾಯಿ ಗುಡ್ಡದ ಮೇಲೆ ಪರದೆ ಕಟ್ಟಿಕೊಂಡು ಇರುತ್ತೇವೆ. ಇದ್ಯಾವುದೂ ಆಗದಿದ್ದರೆ ನಾಯಿಯ ಬಿಡಿಭಾಗವೆಂದು ನನ್ನನ್ನೂ ತಮ್ಮ ಪಟ್ಟಿಗೆ ಸೇರಿಸಿ, ಎರಡನ್ನೂ ಒಟ್ಟಿಗೆ ವಶಪಡಿಸಿಕೊಳ್ಳಿ. ಚಹರೆ ಕೆಳಗಿದೆ: ಬಣ್ಣ ಮಾಸಲು, ಕಿವಿಗಳೆರಡೂ ಜೋತಿವೆ.

ತಮಾಷೆ ಸಾಕು. ನಾನು ಅದನ್ನು ಕೊಡಲಾರೆ ಮಾನ್ಯರೇ. ಕಳೆದ ತಿಂಗಳು ಒಂದು ಮಧ್ಯಾಹ್ನ ಈ ನೆತ್ತಿಯ ಮೇಲೆ ಆಲಿಕಲ್ಲು ಬಿತ್ತು. ತಗಡಿನ ಚಾವಣಿ ಢಣಢಣ ಎಂದು, ವ್ಯಾನು ತೊಟ್ಟಿಲಿನಂತೆ ತೂಗಿ, ಅಕ್ಕ ಹೇಳಿದ್ದೇ ಸರಿ, ನಾನು ಇಲ್ಲಿ ಒಬ್ಬಳೇ ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ. ನಾಯಿ ಎದ್ದು ಬಂದು ತೊಡೆಯ ಮೇಲೆ ತಲೆಯಿಟ್ಟಿತು. ಅದಕ್ಕೆ ಅದು ಕಸುಬು ಇರಬಹುದು. ನನಗೆ ಹಾಗೆ ಯಾರೂ ಮಾಡಿರಲಿಲ್ಲ, ಅತ್ತುಬಿಟ್ಟೆ. ಇದನ್ನು ತಮಗೆ ಬರೆಯಲು ನಾಚಿಕೆಯಿಲ್ಲ.

ನೋಟಿಸು ಬಂದು ಮೂರು ದಿನಕ್ಕೆ, ಗುರುವಾರ ಬೆಳಿಗ್ಗೆ ಕಂಬಳಿ ಅಜ್ಜಿ ನಮ್ಮ ವ್ಯಾನಿಗೆ ಬಂದರು. ಕೆನ್ನೆ ಊದಿ ಒಂದು ಕಣ್ಣೇ ಮುಚ್ಚಿಹೋಗಿತ್ತು, ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು, ಮಾತೇ ಹೊರಡಲಿಲ್ಲ. ನಾಯಿಯ ಕಡೆ ಬೆರಳು ತೋರಿಸಿ, ಹೊಸ ವ್ಯಾನು ನಿಂತಿದ್ದ ಕಣಿವೆಯ ಕಡೆ ಬೆರಳು ತೋರಿಸಿದರು. ಅದನ್ನು ಕರೆದುಕೊಂಡು ಹೋದರೆ ತಮ್ಮವರು ಅಲ್ಲೇ ಉಳಿಸಿಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. ಒಂದು ಗಳಿಗೆ, ಸುಳ್ಳು ಹೇಳುವುದಿಲ್ಲ, ಕುಂಟುನೆಪ ಹುಡುಕಿದೆ. ಡೀಸೆಲ್ಲು ಕಡಿಮೆ, ಟೈರು ಸರಿಯಿಲ್ಲ. ಆಮೇಲೆ ಅಜ್ಜಿಯನ್ನು ಎತ್ತಿ ಕುರ್ಚಿಯಲ್ಲಿ ಮಲಗಿಸಿ, ಹಲ್ಲು ಕಚ್ಚಿಕೊಂಡು ಹದಿನಾಲ್ಕು ಕಿಲೋಮೀಟರು ಇಳಿಜಾರನ್ನು ಎರಡನೇ ಗೇರಿನಲ್ಲಿ ಇಳಿದೆ.

ಡಾಕ್ಟರಮ್ಮ ಅಜ್ಜಿಯನ್ನು ಒಳಗೆ ಕರೆದುಕೊಂಡರು. ನಾಯಿ ಹೊಸ ವ್ಯಾನಿನ ಮೆಟ್ಟಿಲು ಮೂಸಿ, ಒಳಗೆ ಹತ್ತಿ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಿತು. ನಾನು ಹೊರಗೆ ನಿಂತಿದ್ದೆ. ಒಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು, ನೆಲಕ್ಕೆ ಮೆತ್ತನೆ ಹಾಸು ಹಾಕಿದ್ದರು, ನಾಯಿಗೆಂದೇ ಇಟ್ಟ ಬಟ್ಟಲಿನಲ್ಲಿ ಆಗಲೇ ನೀರು. ಹಲ್ಲು ಬಂತು, ಕೀವು ಹರಿಯಿತು, ಅಜ್ಜಿಯ ಮುಚ್ಚಿದ ಕಣ್ಣು ಸ್ವಲ್ಪ ತೆರೆಯಿತು. ಅಷ್ಟರಲ್ಲಿ ನಾಯಿ ಬಂದಿದೆಯಂತೆ ಎಂದು ಕಣಿವೆಯೆಲ್ಲ ಸುದ್ದಿಯಾಗಿ ಜನ ಸೇರಿದರು. ಹತ್ತೊಂಬತ್ತು ಜನ, ಹತ್ತೊಂಬತ್ತು ತೊಡೆ, ನಾಯಿ ಒಂದು ಸಲವೂ ನನ್ನ ಕಡೆ ತಿರುಗಿ ನೋಡಲಿಲ್ಲ. ಮುಗಿಯಿತು, ಇನ್ನು ಇದು ಇವರದೇ ಎಂದುಕೊಂಡು ಅದು ಮಲಗುವ ನನ್ನ ರಗ್ಗನ್ನು ಮಡಿಸಿ ತಂದು ಹೊಸ ವ್ಯಾನಿನ ಮೆಟ್ಟಿಲ ಮೇಲಿಟ್ಟೆ.

ಕೊನೆಯವರು ಇಳಿದ ಮೇಲೆ ಡಾಕ್ಟರಮ್ಮ ಕೈಗವಸು ಕಳಚುತ್ತಿದ್ದರು. ನಾಯಿ ಹೊರಗೆ ಬಂತು, ರಗ್ಗನ್ನು ದಾಟಿತು, ನನ್ನ ಬಾಯಿಯ ಹತ್ತಿರ ಮೂತಿ ತಂದು ಮೂಸಿತು, ಸ್ವೆಟರಿನ ತೋಳನ್ನು ಹಲ್ಲಿನಲ್ಲಿ ಹಿಡಿದು ಒಳಗೆ ಎಳೆಯಿತು. ನಿಮಗೂ ಇದೆಯಾ ಆಂಟಿ ಎಂದು ಡಾಕ್ಟರಮ್ಮ ಕೇಳಿದರು. ಇದೆ. ಬಲಗಡೆ, ಕೆಳಗೆ, ಏಳು ತಿಂಗಳಿಂದ. ಊರವರೆಲ್ಲರ ಎಡದವಡೆ ಬಲದವಡೆ ಬರೆದು ಕಳಿಸಿದ ನಾನು ನನ್ನದನ್ನು ಬರೆದಿರಲಿಲ್ಲ ಮಾನ್ಯರೇ; ಇಪ್ಪತ್ತಾರು ವರ್ಷದಲ್ಲಿ ನನ್ನದೆಂದು ಒಂದು ದೂರನ್ನೂ ಯಾವ ಕಿಟಕಿಗೂ ಕೊಟ್ಟಿರಲಿಲ್ಲ, ಕೊಡಬಹುದೆಂದೇ ತೋಚಿರಲಿಲ್ಲ. ಕೂತೆ. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಾಯಿ ತೊಡೆಯ ಮೇಲೆ ತಲೆಯಿಟ್ಟಿತು, ಹಲ್ಲು ಬಂತು, ಆಮೇಲೂ ಬಹಳ ಹೊತ್ತು ಅದು ತಲೆ ತೆಗೆಯಲಿಲ್ಲ, ಡಾಕ್ಟರಮ್ಮನೂ ಏಳಿ ಎನ್ನಲಿಲ್ಲ.

ಆದ್ದರಿಂದ ಬಾಯಲ್ಲಿ ಹತ್ತಿ ಇಟ್ಟುಕೊಂಡು, ದೂರು ಸಂಖ್ಯೆ ನಲವತ್ತನಾಲ್ಕನ್ನು, ಅಂದರೆ ನನ್ನ ಸ್ವಂತ ದೂರನ್ನು, ಈ ಮೂಲಕ ಸಲ್ಲಿಸುತ್ತಿದ್ದೇನೆ. ನಾಯಿ ನನ್ನದು. ಅದನ್ನು ಕೇಳಿ ಬರೆದ ನೋಟಿಸನ್ನು ತಾವು ಹಿಂತೆಗೆದುಕೊಳ್ಳಬೇಕು. ಅದರ ಕೆಲಸಕ್ಕೆ ನಾನು ಅಡ್ಡ ಬರುವುದಿಲ್ಲ. ಬಿಳಿಯ ವ್ಯಾನು ಹೋದ ಕಡೆಗೆಲ್ಲ ಮೂವತ್ತು ಹೆಜ್ಜೆ ಹಿಂದೆ ನಮ್ಮ ಹಸಿರು ವ್ಯಾನೂ ಬರುತ್ತದೆ, ಹಗಲೆಲ್ಲ ನಾಯಿ ಜನರ ತೊಡೆಯ ಮೇಲೆ, ಸಂಜೆ ನನ್ನ ಮನೆಯಲ್ಲಿ. ಸಾಲು ಕಂಡರೆ ಆಗದೆ ಊರು ಬಿಟ್ಟವಳು ಇನ್ನು ಸಾಲಿನ ಹಿಂದೆಯೇ ಊರೂರು ಅಲೆಯುತ್ತೇನೆ, ನನಗೇ ನಗು ಬರುತ್ತಿದೆ, ನಕ್ಕರೆ ಹೊಲಿಗೆ ಎಳೆಯುತ್ತದೆ. ಭಾನುವಾರ ಮಾತ್ರ ನಾವಿಬ್ಬರೂ ಗುಡ್ಡ ಹತ್ತುತ್ತೇವೆ, ಆ ದಿನ ದಯವಿಟ್ಟು ಯಾರಿಗೂ ಹಲ್ಲು ನೋಯಬಾರದೆಂದು ಆದೇಶ ಹೊರಡಿಸಬೇಕಾಗಿ ಪ್ರಾರ್ಥನೆ.

ಒಂದು ಹಲ್ಲು ಕಡಿಮೆಯಾದರೂ ವಿನಯದಲ್ಲಿ ಕಡಿಮೆಯಾಗದ,

ತಮ್ಮ ವಿಶ್ವಾಸಿ,
ಹಸಿರು ವ್ಯಾನಿನ ಒಡತಿ
(ನಾಯಿಯ ಸಹಿ ಪಕ್ಕದಲ್ಲಿದೆ, ಮಸಿಯಲ್ಲ, ಕೆಸರು)

ಮರೆತ ಮಾತು: ತಾವು ಎರಡು ವರ್ಷದಿಂದ ಊಟವನ್ನು ಒಂದೇ ಕಡೆ ಅಗಿಯುತ್ತೀರೆಂದೂ, ಕಚೇರಿಯ ಕೆಳಗಿನ ಮಹಡಿಯಲ್ಲೇ ಆರು ಮಂದಿ ಹಲ್ಲಿನ ಡಾಕ್ಟರುಗಳಿದ್ದರೂ ಅವರ ಬಾಗಿಲು ಬಂದಾಗ ಫೋನು ಕಿವಿಗಿಟ್ಟುಕೊಂಡು ಬಿರಬಿರನೆ ದಾಟಿಹೋಗುತ್ತೀರೆಂದೂ ತಮ್ಮ ಜೀಪಿನ ಚಾಲಕರು ಎರಡನೆಯ ಲೋಟ ಚಹಾದ ಹೊತ್ತಿಗೆ ಹೇಳಿದರು. ಅವರನ್ನು ಬೈಯಬೇಡಿ, ಅವರು ಬರೀ ತಂದುಕೊಡುವವರು. ಒಂದು ದಿನ ಹೊರಟು ಬನ್ನಿ. ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ನಾಯಿಗೆ ಹುದ್ದೆ ಗೊತ್ತಾಗುವುದಿಲ್ಲ. ಹೆದರಿದವರು ಮಾತ್ರ ಗೊತ್ತಾಗುತ್ತಾರೆ, ಅವರನ್ನು ಅದು ಬಿಟ್ಟುಕೊಡುವುದಿಲ್ಲ.